ಯಾರೂ ಒತ್ತದ ಹೆಬ್ಬೆಟ್ಟು

ಮೊದಲೇ ಹೇಳಿಬಿಡುತ್ತೇನೆ. ಆ ನಾಲ್ಕು ರಾತ್ರಿಗಳಲ್ಲಿ ನನಗೆ ಜ್ವರವಿರಲಿಲ್ಲ. ಹೊಟ್ಟೆ ಖಾಲಿಯಿರಲಿಲ್ಲ. ದೆವ್ವದ ಕಥೆ ಓದುವ ಚಟವೂ ಇರಲಿಲ್ಲ. ಐವತ್ತು ವರ್ಷಗಳಿಂದ ಇದನ್ನು ಕೇಳಿದವರೆಲ್ಲ ಇವೇ ಪ್ರಶ್ನೆಗಳನ್ನು ಹಾಕಿದ್ದಾರೆ, ಅದಕ್ಕೆ ಉತ್ತರವನ್ನು ಮುಂಚೆಯೇ ಕೊಟ್ಟುಬಿಟ್ಟೆ. ಕಣ್ಣಾರೆ ನೋಡಿದ್ದನ್ನು ನೋಡಲಿಲ್ಲ ಎಂದು ಹೇಳಲು ನಾನು ಆಗಲೂ ತಯಾರಿರಲಿಲ್ಲ, ಈಗಲೂ ಇಲ್ಲ.

ಅರವತ್ತರ ದಶಕದ ಮಾತು. ನನಗೆ ಇಪ್ಪತ್ನಾಲ್ಕು ವರ್ಷ. ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಡ್ರಾಯಿಂಗ್ ಮೇಡಂ ಆಗಿದ್ದೆ. ಅಪ್ಪ, ಅಮ್ಮ, ನಾನು ಹನುಮಂತನಗರದ ಒಂದು ವಠಾರದಲ್ಲಿದ್ದೆವು. ಎರಡು ಕೋಣೆ, ಹನ್ನೊಂದು ಸಂಸಾರಕ್ಕೆ ಒಂದೇ ನಲ್ಲಿ. ಅಪ್ಪ ಗುಮಾಸ್ತರಾಗಿ ನಿವೃತ್ತರಾದ ವರ್ಷವೇ ಜಯನಗರದಲ್ಲಿ ಅವರಿಗೆ ಒಂದು ಸೈಟು ಸಿಕ್ಕಿತ್ತು. ಆಗಿನ ಜಯನಗರವೆಂದರೆ ಏನೆಂದುಕೊಂಡಿರಿ? ಗೆರೆ ಎಳೆದ ಹಾಗೆ ಮಣ್ಣಿನ ರಸ್ತೆಗಳು, ನೆಟ್ಟ ಕಲ್ಲುಗಳು, ಅಲ್ಲೊಂದು ಇಲ್ಲೊಂದು ಮನೆ, ಮಿಕ್ಕಿದ್ದೆಲ್ಲ ಬಯಲು. ಸಂಜೆಯಾದರೆ ನರಿ ಕೂಗುವುದು ಕೇಳುತ್ತಿತ್ತು.

ಆ ಬಯಲಿನಲ್ಲಿ ಅಪ್ಪನ ಮನೆ ಎದ್ದಿತ್ತು. ಗೋಡೆಗೆ ಸುಣ್ಣ ಆಗಿತ್ತು, ಕೆಂಪು ಗಾರೆಯ ನೆಲ ಒಣಗಿತ್ತು, ಬಾಗಿಲು ಕಿಟಕಿ ಕೂತಿದ್ದವು. ಕರೆಂಟ್ ಮಾತ್ರ ಬಂದಿರಲಿಲ್ಲ. ಗಣೇಶನ ಹಬ್ಬ, ಪಿತೃಪಕ್ಷ ಕಳೆದು ವಿಜಯದಶಮಿಗೆ ಗೃಹಪ್ರವೇಶದ ಮುಹೂರ್ತ. ಅಲ್ಲಿಯವರೆಗೆ ಮನೆ ಕಾಯಲು ಅಪ್ಪ ರಾತ್ರಿ ಹೊತ್ತು ಅಲ್ಲೇ ವರಾಂಡದಲ್ಲಿ ಚಾಪೆ ಹಾಸಿಕೊಂಡು ಮಲಗುತ್ತಿದ್ದರು.

ಇನ್ನು ನಾಟಕದ ವಿಷಯ. ನನ್ನ ಸೋದರಮಾವ ಶೇಷಗಿರಿ, ಹಗಲಲ್ಲಿ ಒಂದು ಆಫೀಸಿನ ಗುಮಾಸ್ತ, ಸಂಜೆಯಾದರೆ ನಾಟಕದ ಹುಚ್ಚ. ಆ ವರ್ಷ ಗಣೇಶೋತ್ಸವಕ್ಕೆ ಒಂದು ಪತ್ತೇದಾರಿ ನಾಟಕ ಬರೆದಿದ್ದರು. ಮೂರು ಭಾಗ, ಮೂರು ಶನಿವಾರ. ಮೊದಲ ವಾರ ಕೊಲೆ, ಎರಡನೆಯ ವಾರ ಅನುಮಾನ, ಮೂರನೆಯ ವಾರ ಕೊಲೆಗಾರ. ಪತ್ತೇದಾರನ ಪಾತ್ರ ಮಾವನದೇ. ಆ ನಾಟಕಕ್ಕೆ ಬೇಕಾದ ಸುಳ್ಳು ಕಾಗದಗಳನ್ನೆಲ್ಲ ಮಾಡುತ್ತಿದ್ದವಳು ನಾನು. ಸುಳ್ಳು ಟೆಲಿಗ್ರಾಂ, ಸುಳ್ಳು ರೈಲು ಟಿಕೆಟ್, ವಿಷದ ಶೀಶೆಯ ಚೀಟಿ, ಲಾಡ್ಜಿನ ರಿಜಿಸ್ಟರಿನ ಒಂದು ಪುಟ, ‘ಸಾಹುಕಾರರ ನಿಗೂಢ ಸಾವು’ ಎಂಬ ದಪ್ಪಕ್ಷರದ ಪತ್ರಿಕೆ. ಈ ಕೆಲಸಕ್ಕೆ ನನ್ನದೇ ಒಂದು ನೇಮವಿತ್ತು. ದೂರದಿಂದ ನೋಡಿದವರು ನಿಜ ಅಂದುಕೊಳ್ಳಬೇಕು, ಕೈಗೆ ತೆಗೆದುಕೊಂಡವರಿಗೆ ಸುಳ್ಳು ಎಂದು ತಿಳಿಯಬೇಕು. ಅದಕ್ಕೇ ಎಲ್ಲದರಲ್ಲೂ ಎಲ್ಲೂ ಇಲ್ಲದ ಊರು, ಯಾರಿಗೂ ಇಲ್ಲದ ಹೆಸರು ಬರೆಯುತ್ತಿದ್ದೆ.

ಮೂರನೆಯ ಭಾಗಕ್ಕೆ ಮಾವನಿಗೆ ಒಂದು ದೊಡ್ಡ ಆಸೆ ಹುಟ್ಟಿತು. ಪತ್ತೇದಾರ ಒಂದು ಸುರುಳಿಯನ್ನು ಸರ್ರನೆ ಬಿಚ್ಚಬೇಕು, ಅದರಲ್ಲಿ ಕೊಲೆಗಾರನ ಹೆಬ್ಬೆಟ್ಟಿನ ಗುರುತು ಎದೆಯೆತ್ತರಕ್ಕೆ ಕಾಣಬೇಕು.

“ನಾಲ್ಕಡಿ ಇರ್ಬೇಕು ವಿಶಾಲು. ಕೊನೇ ಸಾಲಿನೋನಿಗೂ ಗೆರೆ ಗೆರೆ ಕಾಣ್ಬೇಕು.”

“ಯಾರ ಹೆಬ್ಬೆಟ್ಟು ನೋಡಿ ಬರೀಲಿ ಮಾವ?”

ಅಲ್ಲೇ ತೊಡಕಾಯಿತು. ಕೊಲೆಗಾರನ ಗುರುತಿಗೆ ಬೆರಳು ಕೊಡಲು ತಂಡದಲ್ಲಿ ಯಾರೂ ಒಪ್ಪಲಿಲ್ಲ. ಒಬ್ಬರಿಗೆ ಅಪಶಕುನದ ಭಯ. ಇನ್ನೊಬ್ಬರು, “ಅದನ್ನ ನೋಡ್ಕೊಂಡು ಯಾವನಾದ್ರೂ ನಮ್ಮ ಮನೇನೇ ಬರೆಸ್ಕೊಂಡ್ರೆ?” ಎಂದರಂತೆ. ನನ್ನದೇ ಆಗಬಹುದಲ್ಲ ಎಂದೆ. ಹೆಂಗಸಿನ ಬೆರಳು ಸಣ್ಣದು, ಕೊಲೆಗಾರ ಗಟ್ಟಿ ಆಳು ಎಂದು ಮಾವ ತಳ್ಳಿಹಾಕಿದರು.

“ಯಾರದ್ದೂ ಬೇಡ ಕಣೆ. ಮನಸ್ಸಿನಿಂದ ಕಲ್ಪನೆ ಮಾಡ್ಕೊಂಡು ಬರಿ. ನೋಡಿದ ತಕ್ಷಣ ಗುರುತು ಹತ್ತೋ ಹಾಗೆ ಮಧ್ಯ ಒಂದು ಗಾಯದ ಕಲೆ ಹಾಕು.”

ನಾಲ್ಕಡಿಯ ಹಾಳೆ ಹರಡಲು ವಠಾರದಲ್ಲಿ ಜಾಗವೆಲ್ಲಿ? ಶಾಲೆಗೆ ಹಬ್ಬದ ರಜೆ ಇತ್ತು. ಮಂಗಳವಾರ ಸಂಜೆ ಅಪ್ಪನ ಜೊತೆ ಜಯನಗರಕ್ಕೆ ಹೊರಟೆ.

*

ಹೊಸ ಮನೆಯ ಹಾಲಿನಲ್ಲಿ ಡ್ರಾಯಿಂಗ್ ಹಾಳೆಗಳನ್ನು ಮೈದಾ ಅಂಟು ಹಾಕಿ ಜೋಡಿಸಿದೆ. ಲಾಟೀನು ಹತ್ತಿಸಿ ಪಕ್ಕಕ್ಕಿಟ್ಟುಕೊಂಡೆ. ವರಾಂಡದಲ್ಲಿ ಅಪ್ಪನ ಗೊರಕೆ ಶುರುವಾಗಿತ್ತು. ಕುಂಚವನ್ನು ಕಪ್ಪು ಶಾಯಿಯಲ್ಲಿ ಅದ್ದಿ ನಡುವಿನ ಸುಳಿಯಿಂದ ಆರಂಭಿಸಿದೆ.

ನಾನು ನಿಧಾನದ ಕೆಲಸಗಾರ್ತಿ. ಒಂದು ಗೆರೆ ಎಳೆದು, ದೂರ ಸರಿದು ನೋಡಿ, ಮತ್ತೊಂದು ಎಳೆಯುವವಳು. ಆ ರಾತ್ರಿ ಹಾಗಾಗಲಿಲ್ಲ... ಸುಳಿಯ ಸುತ್ತ ಸುಳಿ, ಗೆರೆಯ ಪಕ್ಕ ಗೆರೆ, ಕೈ ತಾನಾಗಿ ಸಾಗುತ್ತಿತ್ತು. ಎಲ್ಲಿ ಗೆರೆ ಒಡೆಯಬೇಕು, ಎಲ್ಲಿ ಎರಡು ಕೂಡಬೇಕು ಎಂದು ಒಮ್ಮೆಯೂ ಯೋಚಿಸಲಿಲ್ಲ. ಕೊನೆಗೆ ಗಾಯದ ಕಲೆ. ಅಡ್ಡಲಾಗಿ ಓರೆಗೆ ಎಳೆದೆ. ಕೆಳತುದಿಗೆ ಬಂದಾಗ ಗೆರೆ ಎರಡಾಗಿ ಕವಲೊಡೆಯಿತು. ಹಾಗೆ ಬರೆಯಬೇಕೆಂದು ನಾನು ಅಂದುಕೊಂಡಿರಲಿಲ್ಲ.

ಆಗಲೇ ಆ ವಾಸನೆ ಬಂದದ್ದು. ಸುಣ್ಣ, ಸಿಮೆಂಟು, ಹೊಸ ಮರದ ವಾಸನೆ ತುಂಬಿದ್ದ ಆ ಮನೆಯಲ್ಲಿ ರಾಗಿಹುಲ್ಲಿನ ವಾಸನೆ... ಆಗತಾನೇ ಒಕ್ಕಣೆ ಮಾಡಿದ ಹೊಸ ಹುಲ್ಲಿನದು. ಕಿಟಕಿಯಿಂದ ಹೊರಗೆ ನೋಡಿದೆ. ಬಯಲಿನಲ್ಲಿ ನೆಟ್ಟ ಕಲ್ಲುಗಳಷ್ಟೇ ಇದ್ದವು.

ಎರಡು ರಾತ್ರಿಯ ಕೆಲಸ ಎರಡು ಗಂಟೆಯಲ್ಲಿ ಮುಗಿದಿತ್ತು. ನಿಜ ಹೇಳಬೇಕೆಂದರೆ ನನಗೆ ಹೆಮ್ಮೆಯೇ ಆಯಿತು. ಹಾಯಾಗಿ ಮಲಗಿದೆ.

*

ಬುಧವಾರ ರಾತ್ರಿ ಗೆರೆಗಳನ್ನು ಇನ್ನಷ್ಟು ದಪ್ಪ ಮಾಡಲು ಕೂತೆ. ಲಾಟೀನಿನ ಗಾಜಿನ ಬುರುಡೆಯನ್ನು ಬೂದಿ ಹಾಕಿ ನಾನೇ ಉಜ್ಜಿದ್ದೆ, ಥಳಥಳ ಹೊಳೆಯುತ್ತಿತ್ತು. ಅರ್ಧ ಗಂಟೆ ಕಳೆದಿರಬೇಕು. ಬತ್ತಿ ಹೆಚ್ಚಾಗಿ ಗಾಜಿಗೆ ಮಸಿ ಹಿಡಿಯಿತು. ಬತ್ತಿ ಇಳಿಸಲು ಬಾಗಿದೆ.

ಮಸಿಯಲ್ಲಿ ಒಂದು ಹೆಬ್ಬೆಟ್ಟು.

ನನ್ನ ಕೈಯೇ ತಗುಲಿರಬೇಕೆಂದು ಸೆರಗಿನಿಂದ ಒರೆಸಿದೆ. ಹೋಗಲಿಲ್ಲ. ಮತ್ತೆ ಒರೆಸಿದೆ. ಆಮೇಲೆ ತಿಳಿಯಿತು... ಗುರುತು ಇದ್ದದ್ದು ಗಾಜಿನ ಒಳಗಡೆ. ಉರಿಯುವ ಬತ್ತಿಯ ಪಕ್ಕ. ಬೆರಳು ಇಟ್ಟರೆ ಸುಟ್ಟುಹೋಗುವ ಜಾಗ.

ಮಕ್ಕಳ ಡ್ರಾಯಿಂಗ್ ತಿದ್ದುವಾಗ ಬಳಸುವ ಭೂತಗನ್ನಡಿ ಚೀಲದಲ್ಲಿತ್ತು. ತೆಗೆದು ನೋಡಿದೆ. ನಡುವೆ ಸುಳಿ. ಅಡ್ಡಲಾಗಿ ಓರೆ ಗೀಟು. ಗೀಟಿನ ಕೆಳತುದಿಯಲ್ಲಿ ಕವಲು.

ಹಾಳೆಯತ್ತ ನೋಡಿದೆ, ಗಾಜಿನತ್ತ ನೋಡಿದೆ. ಒಂದೊಂದೇ ಗೆರೆ ಎಣಿಸಿದೆ. ನಾನು ಹಿಂದಿನ ರಾತ್ರಿ ಕಲ್ಪನೆಯಿಂದ ಬರೆದ ಬೆರಳು, ಭೂಮಿಯ ಮೇಲೆ ಯಾರಿಗೂ ಇಲ್ಲದ ಬೆರಳು, ನನ್ನ ಲಾಟೀನನ್ನು ಮುಟ್ಟಿತ್ತು.

ಎದ್ದು ಹೋಗಿ ಅಪ್ಪನನ್ನು ಅಲ್ಲಾಡಿಸಿದೆ.

“ಅಪ್ಪ... ಹೆಬ್ಬೆರಳು ತೋರ್ಸಿ.”

“ಏನಮ್ಮ? ಯಾರ್ ಬಂದ್ರು?”

“ಯಾರೂ ಇಲ್ಲ. ಹೆಬ್ಬೆರಳು ತೋರ್ಸಿ ಅಂದ್ನಲ್ಲ.”

ಪಾಪ, ನಿದ್ದೆಗಣ್ಣಿನಲ್ಲೇ ಎರಡೂ ಹೆಬ್ಬೆರಳು ಎತ್ತಿ ಹಿಡಿದರು. ಗಾಯದ ಕಲೆ ಇರಲಿಲ್ಲ. ನನ್ನ ಬೆರಳಲ್ಲೂ ಇರಲಿಲ್ಲ. ಅಷ್ಟರಲ್ಲಿ ಹಿತ್ತಲ ಕಡೆಯಿಂದ ಸದ್ದು ಕೇಳಿಸಿತು. ಸರ್... ಸರ್... ಸರ್... ಮಸೆಗಲ್ಲಿಗೆ ಕುಡುಗೋಲು ಉಜ್ಜುವ ಸದ್ದು. ಆತುರವಿಲ್ಲದೆ, ಒಂದೇ ಸಮನೆ.

“ಅಪ್ಪ, ಕೇಳಿಸ್ತಾ?”

ಅಪ್ಪನಿಗೂ ಕೇಳಿಸಿತ್ತು. ಟಾರ್ಚ್ ಹಿಡಿದು ಹೋದರು, ನಾನೂ ಹಿಂದೆ ಹೋದೆ. ಹಿತ್ತಲ ಬಾಗಿಲು ತೆಗೆದ ಕೂಡಲೇ ಸದ್ದು ನಿಂತಿತು. ಹೊರಗೆ ಮಿಕ್ಕ ಇಟ್ಟಿಗೆಯ ರಾಶಿ, ಅದರಾಚೆ ಒಂದು ಹಳೆಯ ಹೊಂಗೆಮರ. ಬೇರೇನೂ ಇಲ್ಲ.

“ಯಾವನೋ ಹುಲ್ಲು ಕುಯ್ಯೋನಿರ್ಬೇಕು,” ಅಂದರು ಅಪ್ಪ. ರಾತ್ರಿ ಹತ್ತೂವರೆಗೆ ಯಾರು ಹುಲ್ಲು ಕುಯ್ಯುತ್ತಾರೆ ಎಂದು ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

*

ಗುರುವಾರ ಬೆಳಕು ಹರಿದ ಮೇಲೆ ಮಿಕ್ಕಿದ್ದು ಕಂಡಿತು. ಹಾಲಿನ ಗೋಡೆಯ ಹೊಸ ಸುಣ್ಣದ ಮೇಲೆ, ಗಂಡಸಿನ ಎದೆಯೆತ್ತರಕ್ಕೆ, ಸಾಲಾಗಿ ಹೆಬ್ಬೆಟ್ಟುಗಳು. ಏಳು. ಎಲ್ಲವೂ ಅದೇ. ನಾನು ಹಾಳೆ ಹರಡಿದ್ದ ಜಾಗದ ಪಕ್ಕ ಕೆಂಪು ಗಾರೆಯ ನೆಲದಲ್ಲಿ ಎಂಟನೆಯದು. ಅದು ಮೇಲೆ ಹತ್ತಿದ ಗುರುತಲ್ಲ, ನೆಲದ ಒಳಕ್ಕೆ ಒತ್ತಿದ ಗುರುತು. ಹಿಟ್ಟಿನ ಮೇಲೆ ಬೆರಳಿಟ್ಟರೆ ಬೀಳುತ್ತದಲ್ಲ, ಹಾಗೆ. ಕೆಲಸಕ್ಕೆ ಬಂದ ಮೇಸ್ತ್ರಿ ಕೂತು ತಡವಿ ನೋಡಿದ.

“ಇಪ್ಪತ್ತು ದಿನದ ನೆಲ ಕಣಮ್ಮ. ಉಳಿ ಹಾಕಿದ್ರೂ ಕಷ್ಟ...” ಎಂದವನು ತನ್ನ ಬೆರಳನ್ನು ಪಂಚೆಗೆ ಒರೆಸಿಕೊಂಡು ಎದ್ದ.

ಸುದ್ದಿ ತಿಳಿದು ಮಧ್ಯಾಹ್ನಕ್ಕೆ ಅಮ್ಮ, ಮಾವ ಇಬ್ಬರೂ ಬಂದರು. ಸ್ಟೇಜಿನ ಮೇಲೆ ಪಿಸ್ತೂಲಿಗೂ ಹೆದರದ ನಮ್ಮ ಪತ್ತೇದಾರರು ಹೊಸಿಲ ಹೊರಗೇ ನಿಂತು ಕತ್ತು ಚಾಚಿ ನೋಡಿದರು.

“ಅದನ್ನ ಮೊದ್ಲು ಸುಟ್ಟು ಹಾಕು ವಿಶಾಲು. ನಾಟಕಕ್ಕೆ ಬೇರೆ ಏನಾದ್ರೂ ನೋಡೋಣ.”

“ಯಾಕ್ ಸುಡ್ಲಿ? ನಾನ್ ಬರ್ದಿದ್ದು. ನಾನೇನ್ ತಪ್ಪು ಮಾಡಿದೀನಿ?”

“ಬಾಯ್ ಮುಚ್ಚೇ,” ಎಂದರು ಅಮ್ಮ. ಅಪ್ಪನ ಕಡೆ ತಿರುಗಿದರು. “ಈ ಮನೆ ನಮಗೆ ಆಗಿ ಬರಲ್ಲ. ಮುಹೂರ್ತ ಮುಂದಕ್ಕೆ ಹಾಕಿಬಿಡಿ. ಯಾರಾದ್ರೂ ಕೇಳಿದ್ರೆ ಕೊಟ್ಟುಬಿಡೋಣ.”

ಅಪ್ಪ ಗೋಡೆಗೆ ಆತುಕೊಂಡು ನಿಂತಿದ್ದರು. ಮೂವತ್ತು ವರ್ಷ ಬೆಳಗಿನ ನಾಲ್ಕು ಗಂಟೆಗೆ ಎದ್ದು ವಠಾರದ ನಲ್ಲಿಯ ಮುಂದೆ ಬಿಂದಿಗೆ ಹಿಡಿದು ನಿಂತ ಮನುಷ್ಯ. ಈ ಮನೆಯ ನಕ್ಷೆಯನ್ನು ಆಫೀಸಿನ ಹಾಳೆಯ ಹಿಂಬದಿಯಲ್ಲಿ ಎಷ್ಟು ಸಲ ಬರೆದು ಅಳಿಸಿದ್ದರೋ. ಆಮೇಲೆ ಮೆಲ್ಲಗೆ, “ನೀವೆಲ್ಲ ಹೇಗೆ ಹೇಳಿದ್ರೆ ಹಾಗೆ,” ಅಂದರು.

ನನ್ನೊಳಗೆ ಇದ್ದ ಭಯ ಆ ಒಂದು ಮಾತಿಗೆ ಸಿಟ್ಟಾಯಿತು.

“ಮುಹೂರ್ತ ಮುಂದಕ್ಕೆ ಹೋಗಲ್ಲ,” ಎಂದೆ. “ನಾನು ಇಲ್ಲೇ ಮಲಗ್ತೀನಿ. ಇವತ್ತೂ, ನಾಳೇನೂ. ಯಾರು ಬರ್ತಾರೋ ಬರ್ಲಿ, ನೋಡೇ ಬಿಡ್ತೀನಿ.”

ಅಮ್ಮ ಅತ್ತರು. ಮಾವ ಬೈದರು. ನಾನು ಕದಲಲಿಲ್ಲ. ಆ ರಾತ್ರಿ ಏನೂ ಆಗಲಿಲ್ಲ. ಲಾಟೀನು ಆರಿಸದೆ ಗೋಡೆಗೊರಗಿ ಕೂತೇ ಬೆಳಗು ಮಾಡಿದೆ. ಹುಲ್ಲಿನ ವಾಸನೆ ಮಾತ್ರ ಒಮ್ಮೆ ಬಂದು, ಹೋಗಿ, ಮತ್ತೆ ಬರುತ್ತಿತ್ತು... ಮನೆಯೊಳಗೆ ಯಾರೋ ಸುಮ್ಮನೆ ಅಡ್ಡಾಡುತ್ತಿರುವ ಹಾಗೆ.

*

ಶುಕ್ರವಾರ ಬೆಳಿಗ್ಗೆ ಪಿಳ್ಳಮ್ಮ ಬಂದಳು. ಪಕ್ಕದ ಹಳೆಯ ಹಳ್ಳಿಯವಳು, ಅರವತ್ತು ದಾಟಿದ ವಿಧವೆ. ದಿನಾ ಹೊತ್ತು ಹುಟ್ಟುವ ಮುಂಚೆ ಎಮ್ಮೆಹಾಲು ತಂದು ಅಪ್ಪನಿಗೆ ಕೊಟ್ಟುಹೋಗುತ್ತಿದ್ದಳು. ಅಂದು ಅಪ್ಪ ಮುಖ ತೊಳೆಯುತ್ತಿದ್ದರು. ಆಕೆ ನೇರ ನಡುಮನೆಗೇ ಬಂದಳು. ನಾಲ್ಕಡಿಯ ಹಾಳೆ ಗೋಡೆಗೆ ಒರಗಿತ್ತು.

ಪಿಳ್ಳಮ್ಮ ನಿಂತಳು. ಹಾಲಿನ ಪಾತ್ರೆಯನ್ನು ನಿಧಾನವಾಗಿ ಕೆಳಗಿಟ್ಟಳು. ಹತ್ತಿರ ಹೋಗಿ ಆ ಓರೆ ಗೀಟಿನ ಮೇಲೆ ಬೆರಳಾಡಿಸಿದಳು. ಮೇಲಿನಿಂದ ಕೆಳಗೆ, ಕವಲಿನವರೆಗೆ.

“ಇದ್ಯಾಕವ್ವ ಇಲ್ಲೈತೆ?” ಅಂದಳು. “ಇದು ನಮ್ ಯಜಮಾನ್ರುದು.”

ನಾನು ಅವಳ ಪಕ್ಕಕ್ಕೆ ಹೋಗಿ ನಿಂತೆ.

“ಹುಲ್ಲು ಕುಯ್ಯೋವಾಗ ಕುಡ್ಲು ತಗುಲಿದ್ದು. ಕೆಳಗೆ ಇಂಗೆ ಎರಡಾಗಿ ಸೀಳ್ತು. ನಾನೇ ಅರಿಸಿನ ಮೆತ್ತಿ ಬಟ್ಟೆ ಕಟ್ಟಿದ್ದೆ. ಮೂರು ತಿಂಗಳು ಈ ಬೆರಳಿಗೆ ನಾನೇ ದಿನಾ ಬಟ್ಟೆ ಬಿಚ್ಚಿ ಕಟ್ಟಿದೀನಿ, ನಂಗೆ ಗೊತ್ತಾಗಕಿಲ್ವ? ನೀನ್ ಎಲ್ ನೋಡ್ದೆ?”

“ನಾನು ನೋಡಿಲ್ಲ ಪಿಳ್ಳಮ್ಮ. ಸುಮ್ನೆ... ಮನಸ್ಸಿಗೆ ಬಂದಂಗೆ ಬರ್ದೆ.”

“ಯಾತಕ್ ಬರ್ದೆ?”

ಸುಳ್ಳು ಹೇಳಲು ಮನಸ್ಸಾಗಲಿಲ್ಲ. ನಾಟಕದ ವಿಷಯ ಹೇಳಿದೆ. ಕೊಲೆಗಾರನ ಗುರುತು ಎಂದು ಕೇಳಿದ್ದೇ ತಡ, ಆಕೆಯ ಮುಖ ಕೆಂಪಾಯಿತು.

“ಒಂದು ಇರುವೇನೂ ತುಳೀದಿದ್ದೋರ್ ಕಣವ್ವ ಅವ್ರು! ಅವ್ರನ್ನ ಜನದ್ ಮುಂದೆ ಕೊಲೆಗಾರ ಮಾಡ್ತೀಯಾ?”

ಹೊಸಿಲ ಮೇಲೆ ಕೂತು ಆಕೆ ಹೇಳಿದ್ದಿಷ್ಟು. ಈ ಸಾಲು ಸೈಟುಗಳೆಲ್ಲ ಒಂದು ಕಾಲಕ್ಕೆ ಅವರ ರಾಗಿ ಹೊಲ. ಬಡಾವಣೆ ಮಾಡುತ್ತೇವೆ ಎಂದು ಬಂದಾಗ ಊರಿನವರೆಲ್ಲ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದರು. ಆಕೆಯ ಗಂಡ ಒತ್ತಲಿಲ್ಲ. ಹಿರಿಯರು ಹೇಳಿದರು, ಮಕ್ಕಳು ಕಾಲು ಹಿಡಿದರು. ಆತ ಹೆಬ್ಬೆರಳನ್ನು ಒಳಗೆ ಮಡಿಸಿ ಬಲಗೈ ಮುಷ್ಟಿ ಕಟ್ಟಿಕೊಂಡು ಕೂತುಬಿಟ್ಟ. ಹೊಲ ಹೋಗುವುದು ಹೋಯಿತು. ಆತ ದಿನಾ ಸಂಜೆ ಬಂದು ಇಲ್ಲೇ ಹೊಂಗೆಮರದ ಕೆಳಗೆ ಕೂರುತ್ತಿದ್ದ, ಮುಷ್ಟಿ ಕಟ್ಟಿಕೊಂಡೇ.

“ಎಡಗೈಲೇ ಉಣ್ಣೋರು. ಬಿಚ್ಚಲೇ ಇಲ್ಲ ಕಣವ್ವ. ಸತ್ತಾಗ್ಲೂ ಅಂಗೇ ಇತ್ತು. ನಾನು, ನನ್ ಮಗ ಇಬ್ರೂ ಎಳುದ್ರೂ ಬಿಚ್ಚಲಿಲ್ಲ. ಮುಷ್ಟೀಲೇ ಮಣ್ ಮಾಡ್ದೋ.”

ನಾನು ಕೇಳಿದೆ, “ನೀವ್ ಹೇಳಿದ್ರೆ ಅವರು ಕೇಳ್ತಾರೇನೋ. ಇಲ್ಲಿಂದ ಹೋಗಿ ಅಂತ... ಒಂದ್ ಮಾತು ಹೇಳ್ತೀರಾ?”

ಪಿಳ್ಳಮ್ಮ ನನ್ನನ್ನು ದಿಟ್ಟಿಸಿದಳು.

“ನಾನ್ಯಾಕವ್ವ ಹೇಳ್ಲಿ? ಇದು ಅವ್ರ ಜಾಗ. ದೊರೆ ಬಂದ್ ಹೇಳಿದ್ರೂ ಎದ್ದೋಗಲಿಲ್ಲ, ನಾನ್ ಹೇಳಿದ್ರೆ ಓಗ್ತಾರಾ?”

ನನಗೂ ಛಲ ಬಂತು. “ಹಾಗಾದ್ರೆ ಅವರು ಇರ್ಲಿ. ಆದ್ರೆ ನಾವೂ ಇರೋರೇ. ನಮ್ಮಪ್ಪನೂ ಯಾರ್ದನ್ನೂ ಕಿತ್ಕೊಂಡಿಲ್ಲ.”

ಆಕೆ ಎದ್ದಳು. ಸಿಟ್ಟಾದಳೋ, ಮೆಚ್ಚಿದಳೋ ಗೊತ್ತಾಗಲಿಲ್ಲ. “ಕೊಲೆಗಾರ ಅಂತ ಮಾತ್ರ ಮಾಡ್ಬೇಡ,” ಎಂದು ಹೇಳಿ ಹೋದಳು.

*

ಆ ಮಧ್ಯಾಹ್ನವೇ ಮಾವನ ಮನೆಗೆ ಹೋಗಿ, ಬರೆದದ್ದನ್ನು ಕೊಡುವುದಿಲ್ಲ ಎಂದೆ.

“ನಾಳೆ ನಾಟಕ ಇಟ್ಕೊಂಡು ಇದೇನ್ ಮಾತು? ಸುಟ್ಟು ಹಾಕಿದ್ರೆ ಸರಿ, ಬೇರೆ ಮಾಡ್ಕೊಡು.”

“ಸುಡೋದೂ ಇಲ್ಲ. ಬೇರೆ ಬರ್ಕೊಡ್ತೀನಿ, ನನ್ನ ಹೆಬ್ಬೆಟ್ಟು ನೋಡ್ಕೊಂಡು.”

“ನಿಂದು ಸಣ್ಣದು ಅಂತ ಅವತ್ತೇ ಹೇಳಿದ್ನಲ್ಲ.”

“ನಾಲ್ಕಡಿ ಮಾಡಿದ್ಮೇಲೆ ಸಣ್ಣದೇನು, ದೊಡ್ಡದೇನು ಮಾವ?”

ಪತ್ತೇದಾರರು ತಮ್ಮ ಹೆಬ್ಬೆರಳನ್ನೇ ತಿರುಗಿಸಿ ನೋಡಿಕೊಂಡರು.

ರಾತ್ರಿ ಎಂಟಕ್ಕೆ ಹೊಸ ಹಾಳೆಗಳನ್ನು ಜೋಡಿಸಿದೆ. ಬಲಗೈ ಕೆಲಸಕ್ಕೆ ಬೇಕಿದ್ದರಿಂದ ಎಡಗೈ ಹೆಬ್ಬೆರಳಿಗೆ ಶಾಯಿ ಸವರಿ ಒಂದು ಚೀಟಿಯ ಮೇಲೆ ಒತ್ತಿದೆ. ಅದನ್ನು ಭೂತಗನ್ನಡಿಯಲ್ಲಿ ನೋಡುತ್ತ, ಒಂದೊಂದೇ ಗೆರೆಯನ್ನು ಹಾಳೆಗೆ ಇಳಿಸತೊಡಗಿದೆ. ಕಷ್ಟದ ಕೆಲಸ. ಆದರೆ ಪ್ರತಿ ಗೆರೆಯೂ ನನ್ನದೇ ಎಂದು ಗೊತ್ತಿತ್ತು.

ಅರ್ಧ ಆಗಿರಬಹುದು. ಹಿತ್ತಲಿನಲ್ಲಿ ಸದ್ದು ಶುರುವಾಯಿತು. ಸರ್... ಸರ್... ಸರ್...

ನಾನು ತಲೆಯೆತ್ತಲಿಲ್ಲ. ಸದ್ದು ಹಿತ್ತಲ ಬಾಗಿಲಿನವರೆಗೆ ಬಂತು. ಬಾಗಿಲಿಗೆ ಒಳಗಿನಿಂದ ಅಗುಳಿ ಹಾಕಿದ್ದೆ. ಮರುಕ್ಷಣ ಅದು ಅಡುಗೆಮನೆಯೊಳಗೆ ಕೇಳಿಸಿತು. ಆಮೇಲೆ ಹಾಲಿನ ಮೂಲೆಯಲ್ಲಿ, ಮೊದಲ ಹಾಳೆಯನ್ನು ಸುತ್ತಿಟ್ಟಿದ್ದ ಕಡೆ...

ಕುಂಚ ಹಿಡಿದುಕೊಂಡೇ ಮಾತಾಡಿದೆ. ಜೋರಾಗಿ ಅಲ್ಲ, ಅಪ್ಪ ಏಳದ ಹಾಗೆ.

“ನೋಡಿ ಯಜಮಾನ್ರೇ. ನಿಮ್ಮದನ್ನ ನಾಟಕಕ್ಕೆ ತಗೊಂಡು ಹೋಗಲ್ಲ. ತಿಳೀದೆ ಆಗಿದ್ದು, ಅದಕ್ಕೆ ತಪ್ಪಾಯ್ತು ಅಂತೀನಿ. ಆದ್ರೆ ಈ ಮನೆ ಬಿಟ್ಟು ನಾವು ಹೋಗಲ್ಲ. ಹೆದರಿಸಿ ಓಡಿಸ್ಬಹುದು ಅಂತಿದ್ರೆ, ಆ ಆಸೆ ಬಿಟ್ಬಿಡಿ.”

ಸದ್ದು ನಿಂತಿತು.

ಅದೊಂದೇ ಅಲ್ಲ, ಎಲ್ಲ ಸದ್ದೂ ನಿಂತಿತು. ಹೊರಗಿನ ಜೀರುಂಡೆ... ಅಪ್ಪನ ಗೊರಕೆ... ಲಾಟೀನಿನ ಬತ್ತಿಯ ಸುಯ್ ಎನ್ನುವ ಸದ್ದು ಕೂಡ. ರಾಗಿಹುಲ್ಲಿನ ವಾಸನೆ ನನ್ನ ಬಲಭುಜದ ಹಿಂದೆಯೇ ಬಂದು ನಿಂತಿತು. ಅದರ ಜೊತೆ ಬಿಸಿಲಲ್ಲಿ ದುಡಿದು ಬಂದವರ ಬೆವರಿನ ವಾಸನೆ.

ಆಮೇಲೆ ನನ್ನ ಬಲಗೈ ಕಿರುಬೆರಳು ತಾನಾಗಿ ಮಡಿಸಿಕೊಂಡಿತು.

ಅದರ ಹಿಂದೆ ಉಂಗುರದ ಬೆರಳು. ನಡುಬೆರಳು. ತೋರುಬೆರಳು. ಕುಂಚ ಜಾರಿ ನೆಲದ ಮೇಲೆ ಉರುಳಿತು. ಕೊನೆಯದಾಗಿ ಹೆಬ್ಬೆರಳನ್ನು ಯಾರೋ ಉಳಿದ ನಾಲ್ಕರ ಒಳಗೆ ಸೇರಿಸಿದರು. ನೋವಾಗಲಿಲ್ಲ. ಬಲವಂತವೂ ಇರಲಿಲ್ಲ. ಮಗುವಿನ ಕೈಗೆ ಏನನ್ನೋ ಕೊಟ್ಟು ಭದ್ರವಾಗಿ ಹಿಡಿದುಕೋ ಎಂದು ಮಡಿಸುತ್ತಾರಲ್ಲ, ಹಾಗೆ.

ಎಡಗೈಯಿಂದ ಬಿಡಿಸಲು ನೋಡಿದೆ. ಕಲ್ಲು. ಮಂಡಿಯ ನಡುವೆ ಇಟ್ಟು ಎಳೆದೆ. ಒಂದು ಬೆರಳೂ ಅಲುಗಲಿಲ್ಲ. ಬಾಯಿ ತೆರೆದು ಅಪ್ಪನನ್ನು ಕೂಗಲು ಹೊರಟವಳು ಹಾಗೇ ನಿಂತೆ. ಈ ಕೈಯನ್ನು ಅಪ್ಪ ನೋಡಿದರೆ ಮುಗಿಯಿತು. ಮುಹೂರ್ತವೂ ಇಲ್ಲ, ಮನೆಯೂ ಇಲ್ಲ. ಮತ್ತೆ ವಠಾರ, ಮತ್ತೆ ನಾಲ್ಕು ಗಂಟೆಯ ನಲ್ಲಿ.

ಅಳು ಬಂದಿತ್ತು. ನುಂಗಿಕೊಂಡೆ.

“ಒಂದು ಕೈ ಹಿಡ್ಕೊಂಡಿದೀರಿ,” ಎಂದೆ. “ಇನ್ನೊಂದಿದೆ.”

ಎಡಗೈಯಿಂದ ಕುಂಚ ಎತ್ತಿಕೊಂಡೆ. ಹುಟ್ಟಿದಾಗಿನಿಂದ ಎಡಗೈಯಲ್ಲಿ ಒಂದು ಅಕ್ಷರ ಬರೆದವಳಲ್ಲ. ಗೆರೆಗಳು ಹಾವಿನ ಹಾಗೆ ಓಡಿದವು, ಶಾಯಿ ಚೆಲ್ಲಿತು, ಬೆನ್ನು ಬಿದ್ದುಹೋಯಿತು. ಆ ವಾಸನೆ ಭುಜದ ಹಿಂದಿನಿಂದ ಕದಲಲಿಲ್ಲ. ನಾನೂ ಹಾಳೆಯಿಂದ ಕದಲಲಿಲ್ಲ. ಯಾವಾಗಲೋ ಜೀರುಂಡೆಯ ಸದ್ದು ಮರಳಿತು, ಅಪ್ಪನ ಗೊರಕೆ ಮರಳಿತು. ಮುಷ್ಟಿ ಬಿಚ್ಚಲಿಲ್ಲ.

*

ಮೊದಲ ಬೆಳಕಿಗೆ ಪಿಳ್ಳಮ್ಮ ಬಂದಾಗ ನಾನು ಕೊನೆಯ ಗೆರೆ ಮುಗಿಸಿ ಗೋಡೆಗೊರಗಿ ಕೂತಿದ್ದೆ. ವರಾಂಡದಲ್ಲಿ ಅಪ್ಪ ಇನ್ನೂ ಎದ್ದಿರಲಿಲ್ಲ. ಬಲಗೈ ಮಡಿಲಲ್ಲಿತ್ತು. ಅವಳು ಬಾಗಿಲಲ್ಲೇ ಅದನ್ನು ನೋಡಿದಳು.

ಬಂದು ನನ್ನೆದುರು ಕೂತಳು. ಮುಷ್ಟಿಯನ್ನು ತನ್ನ ಎರಡೂ ಅಂಗೈಗಳ ನಡುವೆ ತೆಗೆದುಕೊಂಡಳು. ಎಳೆಯಲಿಲ್ಲ, ಜಗ್ಗಲಿಲ್ಲ, ಸುಮ್ಮನೆ ಹಿಡಿದುಕೊಂಡಳು. ಆಮೇಲೆ ಯಾರ ಜೊತೆಗೋ ದಿನಾ ಆಡುವ ಜಗಳವನ್ನು ಮುಂದುವರಿಸುವವಳ ಹಾಗೆ ಹೇಳಿದಳು.

“ಸಾಕ್ ಬುಡಿ. ಇದು ಬ್ಯಾರೇರ್ ಮಗಳು. ಆ ಕೈ ಬುಡಿ.”

ಕಿರುಬೆರಳು ಸಡಿಲವಾಯಿತು. ಆಮೇಲೆ ಒಂದೊಂದೇ. ಕೊನೆಗೆ ಹೆಬ್ಬೆರಳು. ಅಂಗೈ ಬಿಚ್ಚಿಕೊಂಡಿತು.

ಪಿಳ್ಳಮ್ಮ ಬಾಗಿ ಒಳಗೆ ನೋಡಿದಳು. ಅವಳ ತಲೆ ಅಡ್ಡವಿತ್ತು, ನನಗೆ ಕಾಣಲಿಲ್ಲ. ಅವಳ ಉಸಿರು ನಿಂತದ್ದು ಮಾತ್ರ ಕೇಳಿಸಿತು. ನಾನು ಕೈ ಎಳೆದುಕೊಳ್ಳುವ ಮೊದಲೇ ಸೆರಗಿನ ತುದಿಯಿಂದ ಅಂಗೈಯನ್ನು ಒರೆಸಿ, ಆ ಸೆರಗನ್ನು ಗಂಟು ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಕಣ್ಣಲ್ಲಿ ನೀರು ತುಂಬಿತ್ತು. ತುಟಿಯಲ್ಲಿ ನಗುವಿನಂಥದ್ದು ಏನೋ ಇತ್ತು.

“ಏನಿತ್ತು?” ಎಂದೆ.

“ಏನಿಲ್ಲ ಬುಡವ್ವ.”

“ನನ್ನ ಕೈಲಿದ್ದಿದ್ದು ಪಿಳ್ಳಮ್ಮ. ನಂಗೆ ಹೇಳ್ಬೇಕು.”

“ನಿನ್ ಕೈಲಿತ್ತು. ನಿಂದಲ್ಲ.”

ಮೂಲೆಯಲ್ಲಿದ್ದ ಮೊದಲ ಹಾಳೆಯ ಸುರುಳಿಯನ್ನು ಎತ್ತಿಕೊಂಡು, ನನ್ನನ್ನು ಕೇಳದೆ, ಕಂಕುಳಲ್ಲಿಟ್ಟುಕೊಂಡು ಹೋದಳು. ನಾನು ತಡೆಯಲಿಲ್ಲ.

ಆ ಸಂಜೆ ಮಾವ ಸ್ಟೇಜಿನ ಮೇಲೆ ಸುರುಳಿ ಬಿಚ್ಚಿದರು. ನನ್ನ ಸೊಟ್ಟಪಟ್ಟ ಹೆಬ್ಬೆಟ್ಟು ನಾಲ್ಕಡಿ ಎತ್ತರ ನಿಂತಿತು. ಜನ ಚಪ್ಪಾಳೆ ತಟ್ಟಿದರು. ಕೊಲೆಗಾರನ ಕೈ ನಡುಗಿದ್ದನ್ನೂ ಬರೆದಿದ್ದೀಯಮ್ಮ ಎಂದು ಯಾರೋ ಹಿರಿಯರು ಹೊಗಳಿದರು. ಆ ರಾತ್ರಿಯ ವಿಷಯವನ್ನು ಅಪ್ಪನಿಗೆ ನಾನು ಎಂದೂ ಹೇಳಲಿಲ್ಲ.

ಗೃಹಪ್ರವೇಶ ಅದೇ ಮುಹೂರ್ತಕ್ಕೆ ನಡೆಯಿತು. ಗೋಡೆಗೆ ಮತ್ತೆ ಸುಣ್ಣ ಬಳಿಸಿದೆವು. ನೆಲದ ಗುರುತನ್ನು ಮೇಸ್ತ್ರಿ ಗಾರೆ ತುಂಬಿ ಮುಚ್ಚಿದ. ಹೊಸ ಗುರುತು ಒಂದೂ ಬೀಳಲಿಲ್ಲ. ಅಪ್ಪ ಆ ಮನೆಯಲ್ಲಿ ಹತ್ತೊಂಬತ್ತು ವರ್ಷ ಬದುಕಿದರು, ಬೆಳಿಗ್ಗೆ ಏಳಕ್ಕೆ ಮುಂಚೆ ಏಳುತ್ತಿರಲಿಲ್ಲ. ಪಿಳ್ಳಮ್ಮನನ್ನು ಎಷ್ಟೋ ಸಲ ಕೇಳಿದೆ, ಬೇಡಿದೆ, ಜಗಳವನ್ನೂ ಆಡಿದೆ. ಕಡೆಗಾಲದಲ್ಲಿ ಅವಳನ್ನು ನೋಡಲು ಹೋದಾಗಲೂ ಕೇಳಿದೆ. ನನ್ನ ಬಲಗೈ ಹಿಡಿದುಕೊಂಡು ತುಂಬ ಹೊತ್ತು ಕೂತಳು, ಹೇಳಲಿಲ್ಲ.

ನಾನು ಇಂದಿಗೂ ಅದೇ ಮನೆಯಲ್ಲಿದ್ದೇನೆ, ಒಬ್ಬಳೇ. ಹೆದರಿಕೆಯಾಗುವುದಿಲ್ಲವೇ ಎಂದು ಕೇಳುತ್ತಾರೆ. ಇಲ್ಲ ಎನ್ನುತ್ತೇನೆ, ಅದು ಬಹುಮಟ್ಟಿಗೆ ನಿಜ. ಮೂವತ್ತು ವರ್ಷ ಮಕ್ಕಳಿಗೆ ಚಿತ್ರ ಕಲಿಸಿದೆ. ಚೊಂಬು ಇಟ್ಟು ಚೊಂಬು, ಹೂ ಇಟ್ಟು ಹೂ. ಮನಸ್ಸಿನಿಂದ ಬರೆಯಿರಿ ಎಂದು ಮಾತ್ರ ಯಾರಿಗೂ ಹೇಳಲಿಲ್ಲ, ನಾನೂ ಮತ್ತೆ ಬರೆಯಲಿಲ್ಲ.

ಇನ್ನೊಂದು ಸಂಗತಿ ಇದೆ. ಕೆಲವು ಸಂಜೆ ಸುಮ್ಮನೆ ಕೂತಿರುವಾಗ ಬಲಗೈಯ ಕಿರುಬೆರಳು ಮೆಲ್ಲಗೆ ಬಾಗುತ್ತದೆ... ಅದರ ಹಿಂದೆ ಉಂಗುರದ ಬೆರಳು. ವಯಸ್ಸಾಯಿತು, ನರದ ದೋಷ ಎನ್ನುತ್ತಾರೆ ಡಾಕ್ಟರು. ಇರಬಹುದು. ನಾನು ಎಡಗೈಯಿಂದ ಒಂದೊಂದೇ ಬೆರಳನ್ನು ಬಿಡಿಸುತ್ತ, “ಇದು ನನ್ನ ಕೈ” ಎಂದು ಗಟ್ಟಿಯಾಗಿ ಹೇಳುತ್ತೇನೆ.

ಇದುವರೆಗೆ ಪ್ರತಿ ಸಲವೂ ಬಿಚ್ಚಿಕೊಂಡಿದೆ.